ಹಿಮ್ಮೇಳದವನ ದನಿ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಮೊನ್ನೆ ದೇವರ ಜಗಲಿಯ ಗೂಡಿನಲ್ಲಿ ಕೈಯಾಡಿಸುವಾಗ ಕ್ಯಾಸೆಟ್ಟಿನ ಡಬ್ಬಿ ಸಿಕ್ಕಿತು. ತೆರೆದರೆ ಒಳಗೆ ಏನೂ ಇಲ್ಲ, ಮೂಲೆಯಲ್ಲಿ ಚೂರು ಭಂಡಾರ ಅಷ್ಟೆ. ನಮ್ಮ ದೇವರು ಬೀರಪ್ಪನ ಭಂಡಾರ ಅಂದರೆ ಅರಿಷಿಣದ ಪುಡಿ, ಹತ್ತಿದರೆ ಬೇಗ ಬಿಡುವುದಿಲ್ಲ. ಉಗುರೆಲ್ಲ ಹಳದಿಯಾಯಿತು. ಖಾಲಿ ಡಬ್ಬಿ ಯಾಕೆ ಇಟ್ಟುಕೊಂಡಿದ್ದೀಯ ಎಂದು ಬಂದವರು ಕೇಳುತ್ತಾರೆ. ಇರಲಿ ಬಿಡಿ ಅನ್ನುತ್ತೇನೆ. ನೀವು ಕೇಳುವವರಿದ್ದರೆ ಹೇಳುತ್ತೇನೆ.

ಹಿಪ್ಪರಗಿಯಲ್ಲಿ ನಮ್ಮದು ಕುರಿ ಸಾಕಿದ ಮನೆತನ. ಈಗ ಹೊಲದ ತುಂಬ ಕಬ್ಬು, ಕುರಿ ನಾಲ್ಕೇ ಉಳಿದಿವೆ. ನನ್ನ ಗಂಡ ಡೊಳ್ಳಿನ ಪದದ ಮೇಳದಲ್ಲಿದ್ದ. ಹಾಗಂತ ದೊಡ್ಡ ಹಾಡುಗಾರ ಎಂದು ತಿಳಿಯಬೇಡಿ. ಮುಂದೆ ನಿಂತು ಹಾಡುವವನು ಮಾಯಪ್ಪ, ನಮ್ಮ ಓಣಿಯವನೇ. ನನ್ನ ಗಂಡ ಅವನ ಬೆನ್ನಿಗೆ ನಿಲ್ಲುವ ಹಿಮ್ಮೇಳದವ. ನಮ್ಮ ಮೇಳದ ಪದ್ಧತಿಯಲ್ಲಿ ಮುಂದಿನವನು ಸಾಲನ್ನು ಪೂರಾ ಹಾಡುವುದಿಲ್ಲ. ಕೊನೆಯ ಶಬ್ದ ಬಿಟ್ಟು ಉಸಿರು ತೆಗೆದುಕೊಳ್ಳುತ್ತಾನೆ. ಆ ಶಬ್ದವನ್ನು ಹಿಂದಿನವನು ಎತ್ತಿಕೊಂಡು, ಮುಂದಿನವನ ಉಸಿರು ಕೂಡುವ ತನಕ ಎಳೆದು ಹಿಡಿಯಬೇಕು. ತಡ ಮಾಡಿದರೆ ಪದ ಬಿತ್ತು. ಎದುರಿನ ಮೇಳದವರು ಕೇಕೆ ಹಾಕುತ್ತಾರೆ.

ಹೀಗಾಗಿ ನನ್ನ ಮನೆಯಲ್ಲಿ ಪೂರಾ ಪದ ಎಂದೂ ಕೇಳಿಬರಲಿಲ್ಲ. ಗಂಡ ಕುರಿಯ ಉಣ್ಣೆ ಕತ್ತರಿಸುತ್ತ ಕುಳಿತರೆ ಬರೀ ಕೊನೆಯ ಶಬ್ದಗಳನ್ನು ಒಂದರ ಹಿಂದೆ ಒಂದು ಎಳೆಯುತ್ತಿದ್ದ. ನಡುವೆ ಸುಮ್ಮನಿರುತ್ತಿದ್ದ. ಆ ಸುಮ್ಮನಿರುವಾಗ ಮಾಯಪ್ಪ ಅವನ ತಲೆಯೊಳಗೆ ಹಾಡುತ್ತಿದ್ದನೇನೋ. ನಾನು ರೊಟ್ಟಿ ಬಡಿಯುತ್ತ ಚಾಷ್ಟಿ ಮಾಡುತ್ತಿದ್ದೆ:

"ಮುಂದಿಂದೆಲ್ಲಿ ಬಿಟ್ಟ ಬಂದ್ರಿ?"

"ಮಾಯಪ್ಪನ ಮನ್ಯಾಗ ಐತಿ. ಬೇಕಾದ್ರ ಹೋಗಿ ತಗೊಂಬಾ."

ಒಮ್ಮೆ ಚಿಕ್ಕಪಡಸಲಗಿಯಲ್ಲಿ ಮೇಳ ಕೂಡಿದಾಗ ಸಾಲೆಯ ಮಾಸ್ತರರೊಬ್ಬರು ಟೇಪು ತಂದು ಮಾಯಪ್ಪನ ಮುಂದಿಟ್ಟು ಪದ ಹಿಡಿದು, ಕ್ಯಾಸೆಟ್ಟನ್ನು ನಮಗೇ ಕೊಟ್ಟರು. ಅದೇ ಕ್ಯಾಸೆಟ್ಟು. ಅದರಲ್ಲಿ ಗಾಳಿ ಬೀಸಿದ ಹಾಗೆ ಬುಸ್ ಅನ್ನುವ ಸಪ್ಪಳ, ಯಾರದೋ ಕೆಮ್ಮು, ಒಂದು ಕೂಸಿನ ಅಳು, ಡೊಳ್ಳು, ಮಾಯಪ್ಪ. ಸಾಲಿನ ತುದಿಗೆ, ದೂರದಲ್ಲಿ, ನನ್ನ ಗಂಡ. ಅವನು ಸಾಯುವ ಮುಂಚಿನ ವರ್ಷ ಗಂಟಲು ಹೋಗಿ ಮಾತೇ ನಿಂತಿತ್ತು. ಫೋಟೋ ಎರಡಿವೆ. ದನಿ ಮಾತ್ರ ಅದೊಂದರಲ್ಲೇ ಇತ್ತು. ಹಚ್ಚಿದಾಗೆಲ್ಲ ಟೇಪಿಗೆ ಕಿವಿ ಒತ್ತಿ ಕೂರುತ್ತಿದ್ದೆ. ವರ್ಷ ಕಳೆದಂತೆ ಬುಸ್ ಸಪ್ಪಳ ಏರಿತು, ಅವನು ಇಳಿದ. ಇನ್ನು ಸ್ವಲ್ಪ ದಿನಕ್ಕೆ ಇಷ್ಟೂ ಇರುವುದಿಲ್ಲ ಎಂಬ ಹೆದರಿಕೆ ಹಿಡಿಯಿತು. ಆ ಹೆದರಿಕೆಯೇ ನನ್ನನ್ನು ಕೆಡಿಸಿತು.

ಮಗಳು ಶಾಂತಾ ಜಮಖಂಡಿಯಲ್ಲಿದ್ದಾಳೆ. ಅಳಿಯ ಕೋರ್ಟಿನಲ್ಲಿ ಗುಮಾಸ್ತ. ಅವಳೇ ಸುದ್ದಿ ತಂದಳು. "ಅವ್ವಾ, ಇಲ್ಲೊಬ್ಬಾಂವ ಹಳೇ ಕ್ಯಾಸೆಟ್ಟ ಹೊಸಾದು ಮಾಡಿಕೊಡ್ತಾನಂತ. ಮಗ್ಗಲಕ್ಕ ಕುಂತ ಹಾಡಿದಂಗ ಕೇಳಸ್ತೈತಂತ."

ಬಸ್ ಸ್ಟ್ಯಾಂಡಿನ ಹತ್ತಿರ, ಮಾಳಿಗೆಯ ಮೇಲೆ ಅಂಗಡಿ. ಅಂಗಡಿಯವನು ಎರಡೂ ಕಿವಿಗೆ ಬಟ್ಟಲಿನಂಥವನ್ನು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಿದ್ದ. ಮಾತು ಬೆಣ್ಣೆ. ಯಾರದೋ ಭಜನೆಯನ್ನು ಹಚ್ಚಿ, "ಇದು ಮೊದಲಿಂದ್ರಿ ಆಯಿ" ಎಂದ. ಆಮೇಲೆ ಅದನ್ನೇ ಮತ್ತೆ ಹಚ್ಚಿ, "ಇದು ನಮ್ಮ ಕೈಯಾಗ ಬಂದ ಮ್ಯಾಲಿಂದು" ಎಂದ. ಶಾಂತಾ ಬಾಯಿ ತೆರೆದಳು. ನನಗೆ ಎರಡನೆಯದು ಗಟ್ಟಿ ಕೇಳಿತು, ಅಷ್ಟೆ.

"ಮೊದಲಿಂದನ್ನೂ ಅಷ್ಟ ಗಟ್ಟಿ ಹಚ್ಚಪಾ, ನೋಡೂನು" ಎಂದೆ.

ಅವನು ನಕ್ಕ. "ಆಯಿ, ಇದು ಕಂಪ್ಯೂಟರ್ ಕೆಲಸ. ನಿಮಗ ತಿಳ್ಯಾಂಗಿಲ್ಲ. ಒಮ್ಮೆ ಮಾಡಿಸಿದ್ರ ನೂರು ವರ್ಷ ಏನೂ ಆಗಂಗಿಲ್ಲ."

"ನೂರು ವರ್ಷ ನೀ ಕುಂತ ನೋಡ್ತಿ ಏನು?"

"ಸುಮ್ನಿರ ಬೇ ಅವ್ವಾ" ಎಂದು ಶಾಂತಾ ಕೈ ಚಿವುಟಿದಳು.

ಸಂತೆಗೆ ಹೊಡೆಯುವ ಮುಂಜಾನೆ ಕುರಿಗೆ ಉಪ್ಪು ನೆಕ್ಕಿಸಿ, ಹೊಟ್ಟೆ ಉಬ್ಬುವ ಹಾಗೆ ನೀರು ಕುಡಿಸುವವರನ್ನು ನಾನು ಕಂಡಿದ್ದೇನೆ. ಕೊಂಡವನು ಮೈ ತುಂಬಿದ ಕುರಿ ಎಂದು ಹಿಗ್ಗುತ್ತಾನೆ. ಮರುದಿನ ಎಲುಬು ಕಾಣುತ್ತವೆ. ಗಟ್ಟಿ ಮಾಡಿದ್ದನ್ನು ಛಲೋ ಮಾಡಿದ್ದು ಎಂದು ತೋರಿಸುವುದೂ ಅದೇ ಕಸುಬು. ಇಷ್ಟು ತಿಳಿದಿತ್ತು ನೋಡಿ. ತಿಳಿದೂ ಕ್ಯಾಸೆಟ್ಟನ್ನು ಅವನ ಕೈಗಿಟ್ಟೆ.

ಅವನು ಸ್ವಲ್ಪ ಹಚ್ಚಿ ಕೇಳಿ, "ಯಾರ ದನಿರಿ ಇದು?" ಎಂದ.

"ನಮ್ಮ ಮನಿಯವರದು."

ಅವನು ತಲೆಯಾಡಿಸಿದ. ಎರಡರಲ್ಲಿ ಯಾವ ದನಿ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಮುಂದೆ ಯಾರು, ಹಿಂದೆ ಯಾರು ಎಂಬುದು ನಮ್ಮೂರಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಜಮಖಂಡಿಯವನಿಗೂ ಗೊತ್ತಿರುತ್ತದೆ ಎಂದುಕೊಂಡೆ. ನನ್ನ ತಪ್ಪು ಇದು. ಅವನ ಮೇಲೆ ಹಾಕುವುದಿಲ್ಲ.

ಹದಿನೈದು ದಿನಕ್ಕೆ ಹಾಡು ಅಳಿಯನ ಫೋನಿಗೆ ಬಂತು. ನನ್ನನ್ನು ಕರೆಸಿದರು. ಊಟವಾದ ಮೇಲೆ ಸಣ್ಣ ಸ್ಪೀಕರಿಗೆ ಹಚ್ಚಿ ಎಲ್ಲರೂ ಸುತ್ತ ಕುಳಿತೆವು. ಬುಸ್ ಸಪ್ಪಳ ಇಲ್ಲ. ಕೆಮ್ಮಿಲ್ಲ. ಕೂಸು ಅಳಲಿಲ್ಲ. ಮಾಯಪ್ಪನ ದನಿ ಎಣ್ಣೆ ಹಚ್ಚಿದಂತೆ ಬಂತು. ಖರೆ ಹೇಳುತ್ತೇನೆ, ಮೊದಲು ನನಗೂ ಹಿಗ್ಗಾಯಿತು. ಮಾಯಪ್ಪನೇ ಇಷ್ಟು ಹತ್ತಿರ ಬಂದಿದ್ದಾನೆಂದರೆ ಅವನ ಬೆನ್ನಿಗಿರುವವನೂ ಬಂದಿರಬೇಕಲ್ಲ. ಸಾಲು ತುದಿಗೆ ಬಂತು. ಮಾಯಪ್ಪ ಶಬ್ದ ಬಿಟ್ಟ. ನಾನು ಕಾದೆ.

ಏನೂ ಬರಲಿಲ್ಲ. ಎರಡನೆಯ ಸಾಲು. ಬಿಟ್ಟ. ಏನಿಲ್ಲ. ಪ್ರತಿ ಸಾಲೂ ತುದಿಗೆ ಬಂದು ಕಡಿದು ಬೀಳುತ್ತಿತ್ತು.

"ಮಾವಾರ ದನಿ ಏನ್ ಛಲೋ ಐತ್ರಿ ಅತ್ತಿ!" ಎಂದ ಅಳಿಯ. ಪಾಪ, ಅವನು ಮೇಳಕ್ಕೆ ಬಂದವನಲ್ಲ.

"ಅದು ಮಾಯಪ್ಪಂದ್ರಿ. ನಿಮ್ಮ ಮಾವ ಇದರಾಗ ಇಲ್ಲ."

ಶಾಂತಾ ನನ್ನ ಮುಖ ನೋಡಿದಳು. ಇನ್ನೊಂದು ಸಾಲು ಕೇಳಿದಳು. ಆಮೇಲೆ ಎದ್ದು ಅದನ್ನು ಬಂದ್ ಮಾಡಿದಳು. "ನಡಿ ಅವ್ವಾ, ಅಂಗಡಿಗೆ ಹೋಗೂನು" ಎಂದಳು.

ಮಾಳಿಗೆಯ ಮೆಟ್ಟಿಲು ಏರಿ ನಿಂತಾಗ ನನಗೆ ದಮ್ಮು ಹತ್ತಿತ್ತು. "ಹಿಂದ ಒಂದು ದನಿ ಇತ್ತಲ್ಲ, ಅದೆಲ್ಲಿ?" ಎಂದೆ.

"ಅದು ಗದ್ದಲರಿ ಆಯಿ. ಸಣ್ಣದು, ದೂರಿಂದು. ಅಂಥಾದ್ದನ್ನ ಮಷೀನ್ ತಾನ ತಗದ ಒಗೀತೈತಿ. ಈಗ ನೋಡ್ರಿ ಎಷ್ಟ ಸ್ವಚ್ಛ ಆಗೇತಿ."

"ಆ ಗದ್ದಲ ನನ್ನ ಗಂಡಪಾ."

ಅವನು ಕಿವಿಯ ಬಟ್ಟಲು ತೆಗೆದು ಮೇಜಿನ ಮೇಲಿಟ್ಟ.

"ಇರಲಿ. ನನ್ನ ಕ್ಯಾಸೆಟ್ಟ ಕೊಡು" ಎಂದೆ.

ಕ್ಯಾಸೆಟ್ಟು ಇರಲಿಲ್ಲ. ರೀಲು ಅಂಟಿಕೊಂಡಿತ್ತಂತೆ, ಕಂಪ್ಯೂಟರಿಗೆ ಏರಿಸಿದ ಮೇಲೆ ಹರಿಯಿತಂತೆ, ತಿಪ್ಪೆಗೆ ಒಗೆದನಂತೆ. ಕಂಪ್ಯೂಟರಿನಲ್ಲಿದ್ದ ಮೊದಲಿನದು? "ಛಲೋದು ಆತಲ್ಲ, ಕೆಟ್ಟದ್ದ ಯಾಕ ಇಡೂದಂತ ಅಳಿಸೀನ್ರಿ." ಖಾಲಿ ಡಬ್ಬಿಯನ್ನು ಮಾತ್ರ ಹುಡುಕಿ ಕೊಟ್ಟ. ನನ್ನ ಮುಖದಲ್ಲಿ ಏನು ಕಂಡನೋ, ದನಿ ತಗ್ಗಿಸಿ ಹೇಳಿದ: "ಅವರದು ಬ್ಯಾರೆ ಎಲ್ಲ್ಯಾರ ದನಿ ಇದ್ರ ಕೊಡ್ರಿ, ಮಷೀನ್ ಅದನ್ನ ಕಲತು ಹಾಡ್ತೈತಿ."

"ಇಲ್ಲ. ಇದ್ದದ್ದ ಅದೊಂದ."

"ಹಂಗಾರ ಅಂಥಾದ್ದ ಒಂದು ದನಿ ಕೂಡಸ್ತೀನ್ರಿ. ಯಾರಿಗೂ ಗೊತ್ತಾಗಂಗಿಲ್ಲ."

"ಗೊತ್ತಾಗಾಕ ನಾ ಒಬ್ಬಾಕಿ ಇದ್ದೇನಲ್ಲ."

ನಾನು ಬಯ್ಯಲಿಲ್ಲ. ಅವನೇನು ಕಳ್ಳನಲ್ಲ. ಮಾಯಪ್ಪನ ದನಿಗೆ ಮನಸ್ಸಿಟ್ಟು ದುಡಿದಿದ್ದ, ಅದು ಕೇಳಿದರೆ ತಿಳಿಯುತ್ತಿತ್ತು. ಆದರೆ ಯಾವುದು ಹಾಡು, ಯಾವುದು ಗದ್ದಲ ಎಂದು ಕೇಳಿಕೊಳ್ಳದೆ ತೊಳೆಯುವವನ ಕೈಗೆ ಯಾರೂ ಏನನ್ನೂ ಕೊಡಬಾರದು. ನಿಮ್ಮ ಮನೆಯಲ್ಲೂ ಅಂಥ ಹಳೆಯದೊಂದು ಇದ್ದರೆ, ಬುಸ್ ಅನ್ನುತ್ತಿದ್ದರೆ, ಅನ್ನಲಿ ಬಿಡಿ. ಕಿವಿ ಒತ್ತಿ ಕೇಳಿ. ನನಗೆ ಸಿಟ್ಟು ಬಂದದ್ದು ನನ್ನ ಮೇಲೆ. ಉಬ್ಬಿಸಿದ ಹೊಟ್ಟೆಯನ್ನು ಕಣ್ಣಾರೆ ಕಂಡು ಆ ಕುರಿಯನ್ನೇ ಕೊಂಡವಳು ನಾನು.

ಶಾಂತಾ ಬಸ್ಸಿನ ತನಕ ಬಂದಳು. ಅಳುತ್ತಿದ್ದಳು. "ನಾನ ಹೇಳಿದ್ದು, ನಂದ ತಪ್ಪು" ಎಂದಳು. "ಕೊಟ್ಟ ಕೈ ನಂದು. ಮನಿಗೆ ನಡಿ" ಎಂದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ದಾರಿಯುದ್ದಕ್ಕೂ ಅವನ ದನಿಯನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಶಬ್ದಗಳು ಬಂದವು, ಎಲ್ಲಾ ಸಾಲಿನವೂ ಬಂದವು. ದನಿ ಬರಲಿಲ್ಲ. ಆ ಶಬ್ದಗಳು ಬರೀ ತುದಿಗಳು. ಮುಂದಿನದು ನನ್ನ ಮನೆಯಲ್ಲಿ ಎಂದೂ ಇರಲಿಲ್ಲವಲ್ಲ.

ಮರುದಿನ ಬೆಳಿಗ್ಗೆ ಸಗಣಿ ಬಳಿದು, ಕೈ ತೊಳೆದುಕೊಂಡು ಮಾಯಪ್ಪನ ಮನೆಗೆ ಹೋದೆ. ಅವನಿಗೆ ಎಂಬತ್ತು ದಾಟಿತ್ತು. ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತ ಕುಳಿತಿದ್ದ.

"ಏನ್ ತಂಗೀ, ಇಷ್ಟ ಲಗೂ?"

"ಪದಾ ಹಾಡಣ್ಣಾ."

"ಹುಚ್ಚ ಹಿಡದೈತೇನ ನಿನಗ? ಬಾಯಾಗ ಹಲ್ಲಿಲ್ಲ."

"ನಿನ್ನ ಹಲ್ಲ ಯಾರ ಕೇಳ್ಯಾರ? ಹಾಡು."

ಅವನು ಉಣ್ಣೆ ಕೆಳಗಿಟ್ಟ. ಮೊದಲಿನ ಹಾಗೆಯೇ ಎಡಗೈಯಿಂದ ಕಿವಿ ಮುಚ್ಚಿ, ಕಣ್ಣು ಮುಚ್ಚಿ ಎತ್ತಿಕೊಂಡ. ಒಡಕು ದನಿ. ಸಾಲಿನ ತುದಿಗೆ ಬಂದು ಶಬ್ದ ಬಿಟ್ಟು, ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಕಾದ. ಅವನ ಬೆನ್ನ ಹಿಂದೆ ಬರೀ ಗೋಡೆ ಇತ್ತು. ನಾನು ಆ ಶಬ್ದವನ್ನು ಎತ್ತಿಕೊಂಡೆ.

"ತಡಾ ಆತು" ಎಂದ ಅವನು, ಕಣ್ಣು ತೆರೆಯದೆ.

"ಇನ್ನೊಮ್ಮೆ ಹಾಡು" ಎಂದೆ.

ಎರಡನೆಯ ಸಲ ತಡ ಮಾಡಲಿಲ್ಲ.