ಬಾವನ ಕೋವಿಗೆ ಎಲ್ಲರ ಗುರಿ

ಕಳೆದ ಭಾನುವಾರ ಕೋಡಿಂಬಾಳದಲ್ಲಿ ಒಂದು ಕೋವಿಯ ವಿಚಾರಣೆ ನಡೆಯಿತು. ದೂರು ಕೊಟ್ಟವರು ಅದರ ಯಜಮಾನರೇ, ಅಂದರೆ ನನ್ನ ಅಕ್ಕನ ಗಂಡ ಕುಶಾಲಪ್ಪ ಬಾವ. ಅಪರಾಧ, ವರ್ಷವರ್ಷವೂ ತೆಂಗಿನಕಾಯಿಗೆ ತಾಗದೆ ಹೋದದ್ದು.

ನಮ್ಮ ಕಡೆ ಆಯುಧಪೂಜೆ ಕಳೆದ ಮೇಲೆ ಕೋವಿ ಇರುವವರೆಲ್ಲ ಸೇರಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದುಂಟು. (ಉಳಿದ ದಿನ ಆ ಕೋವಿಗಳ ಕೆಲಸ ಮಂಗಗಳನ್ನು ಹೆದರಿಸುವುದು. ಮಂಗಗಳು ಹೆದರುವುದನ್ನು ಬಿಟ್ಟು ಬಹಳ ಕಾಲವಾಯಿತು.) ಬಾವನ ಗುಂಡು ಒಂದು ವರ್ಷವೂ ತಾಗಿಲ್ಲ. ಯಾಕೆ ಅಂದರೆ ಕೋವಿ ಎಡಕ್ಕೆ ಎಳೆಯುತ್ತದಂತೆ, ಭುಜಕ್ಕೆ ಒದೆಯುತ್ತದಂತೆ, ಅಜ್ಜನ ಕಾಲದ್ದಂತೆ. ಪಕ್ಕದ ಮನೆಯ ಶೇಷಪ್ಪಣ್ಣನದ್ದಾದರೆ ಜೋಡುನಳಿಗೆಯದ್ದು! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. (ನಮ್ಮ ಕಡೆಯ ನೆಲ ನಿಜಕ್ಕೂ ಡೊಂಕು, ಆ ಮಾತು ಬೇರೆ.)

ಈ ವರ್ಷ ಬಾವ ಹಾಲು ಕೊಡುವ ಎಮ್ಮೆಯನ್ನು ಮಾರಿ ಜೋಡುನಳಿಗೆ ತರುವುದೆಂದು ನಿಶ್ಚಯಿಸಿದರು. ಅಕ್ಕನಿಗೆ ಆ ಎಮ್ಮೆಯೆಂದರೆ ಜೀವ. ಅತ್ತು ಕರೆಯುವ ಜಾತಿ ಅವಳದ್ದಲ್ಲ.

“ಈ ಸಲ ಎಲ್ಲರೂ ನಿಮ್ಮ ಕೋವಿಯಲ್ಲೇ ಹೊಡೀಲಿ. ಯಾರಿಗೂ ತಾಗದಿದ್ರೆ ತಪ್ಪು ಕೋವಿದ್ದು, ಎಮ್ಮೆ ಮಾರಿ. ಒಬ್ಬರಿಗೆ ತಾಗಿದ್ರೂ ಎಮ್ಮೆ ಹಟ್ಟಿ ಬಿಟ್ಟು ಹೋಗುದಿಲ್ಲ” ಅಂದಳು.

ಎಲ್ಲರಿಗೂ ಒಂದೇ ಕೋವಿ ಎಂಬ ಸ್ಪರ್ಧೆ ಹುಟ್ಟಿದ್ದು ಹೀಗೆ. ಪೇಟೆಯ ಕ್ಲಬ್ಬಿನವರು ಕಮಿಟಿ ಕೂರಿಸಿ ಮಾಡುವ ರೂಲನ್ನು ಅಕ್ಕ ಒಲೆ ಊದುತ್ತಾ ಮಾಡಿ ಮುಗಿಸಿದಳು.

ಭಾನುವಾರ ದರ್ಬೆಯ ನನ್ನ ಮನೆಯಿಂದ ನಾನೂ ಹೋಗಿದ್ದೆ. ಮೊದಲು ಶೇಷಪ್ಪಣ್ಣ. ಜೋಡುನಳಿಗೆಯ ಗತ್ತಿನಲ್ಲೇ ನಿಂತು ಹೊಡೆದ, ತಪ್ಪಿತು. ಪೆರಾಬೆಯ ನೆಂಟರೊಬ್ಬರು ಮರದ ಗೆಲ್ಲೊಂದನ್ನು ಕೆಡವಿದರು. ಒಬ್ಬೊಬ್ಬರದೂ ಎಡಕ್ಕೇ! ಬಾವನ ಮುಖ ಅರಳುತ್ತಾ ಹೋಯಿತು. ಅಕ್ಕ ಎಮ್ಮೆ ಕಟ್ಟಿದ ಹಟ್ಟಿಯ ಕಡೆಗೇ ನೋಡುತ್ತಿದ್ದಳು.

ಕೊನೆಗೆ ಬಾವನ ಸರದಿ. ತಪ್ಪಿದರೆ ಸಾಕು, ಹೊಸ ಕೋವಿ ಅವರದ್ದು. ಇಷ್ಟು ವರ್ಷ ಶ್ರದ್ಧೆಯಿಂದ ಮಾಡಿಕೊಂಡು ಬಂದ ಕೆಲಸವೇ ತಾನೆ?

ಅಷ್ಟರಲ್ಲಿ ಶೇಷಪ್ಪಣ್ಣ ಬಾಯಿ ಹಾಕಿದ. “ಬಿಡಿ ಮಾರಾಯ್ರೆ. ನಮಗೇ ಆಗ್ಲಿಲ್ಲ, ಇನ್ನು ನಿಮಗೆಂತ ಆಗುದು?”

ಬಾವನಿಗೆ ಎಲ್ಲಿತ್ತೋ ರೋಷ! ನಳಿಗೆಯನ್ನು ಒಂಚೂರು ಬಲಕ್ಕೆ ಸರಿಸಿದರು. ಆ ಕೋವಿಯ ಕೊಂಕು ಅವರಷ್ಟು ಬಲ್ಲವರು ಯಾರು? ಇಷ್ಟು ವರ್ಷ ಅವರ ಒಂದು ಕಣ್ಣು ಪಕ್ಕದವನ ಕೋವಿಯ ಮೇಲಿತ್ತು. ಈ ಸಲ ನೋಡಲು ಬೇರೆ ಕೋವಿಯೇ ಇರಲಿಲ್ಲ, ಎರಡು ಕಣ್ಣೂ ಕಾಯಿಗೇ ಸಿಕ್ಕಿದವು. ಕಾಯಿ ಚೂರುಚೂರಾಯಿತು.

ಜನ ಬಾವನನ್ನು ಎತ್ತಿಕೊಂಡು ಕುಣಿದರು. ಬಾವನೂ ಕೈಬೀಸಿ ನಕ್ಕರು. ಅಂಗಳಕ್ಕೆ ಅರ್ಧ ಸುತ್ತು ಬರುವಷ್ಟರಲ್ಲಿ ಎಮ್ಮೆಯ ನೆನಪಾಯಿತು ಕಾಣಬೇಕು, ನಗು ಅಲ್ಲೇ ನಿಂತಿತು. ಅಕ್ಕ ಆಗಲೇ ಹಟ್ಟಿಗೆ ಹೋಗಿಯಾಗಿತ್ತು.

ಕೆಳಗಿಳಿಸಿದ್ದೇ ತಡ, ಬಾವ ನನ್ನನ್ನು ಬದಿಗೆ ಎಳೆದು ಪಿಸುಗುಟ್ಟಿದರು: “ಈ ಸಲದ ಕಾಯಿ ಸ್ವಲ್ಪ ದೊಡ್ಡದಿತ್ತು, ಅಲ್ವಾ ಮಾರಾಯ?”