ಕಮಾನು ಕೇಳದ ಯಜಮಾನರು

ನಮ್ಮ ಯಜಮಾನರ ಹತ್ತೂ ಬೆರಳ ತುದಿ ಕಪ್ಪು. ಹುಣಸೆಹಣ್ಣಿನ ಹುಳಿ ಉಗುರಿನ ಸಂದಿಗೆ ಇಳಿದು, ಚರ್ಮ ಸೀಳಿ, ಆ ಸೀಳಿನೊಳಗೂ ಕಪ್ಪು ಕೂತಿತ್ತು. ಮಧುಗಿರಿಯಲ್ಲಿ ಸ್ವಂತ ಮಂಡಿ ಇದ್ದವರು, ಆಳುಕಾಳು ಇದ್ದವರು. ಆದರೂ ಪಾವಗಡ, ಕೊರಟಗೆರೆ ಕಡೆಯಿಂದ ಬಂದ ಒಂದೊಂದು ಚೀಲಕ್ಕೂ ತಾವೇ ಕೈ ಹಾಕಿ ಹಿಸುಕಿ ನೋಡಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅವರಲ್ಲಿ ಮೂಟೆ ಹೊರಲು ಬಂದವನು ನಾನು. ಇವತ್ತು ನನ್ನದೂ ಒಂದು ಮಂಡಿ ಇದೆ. ದುಡಿದದ್ದು ನಾನು, ವ್ಯಾಪಾರ ಕಲಿಸಿದ್ದು ಅವರು.

ಹುಣಸೆಹಣ್ಣಿಗೆ ಬಣ್ಣವೇ ಬೆಲೆ. ಬೇಸಿಗೆಯಲ್ಲಿ ಕೆಂಪಗಿದ್ದದ್ದು ಮಳೆಗಾಲದ ತೇವಕ್ಕೆ ಕಪ್ಪಾದರೆ ಕೇಳುವವರಿಲ್ಲ. ಅದಕ್ಕೇ ವರ್ತಕರ ಸಂಘದ ಅಧ್ಯಕ್ಷರಾಗಿ ಅವರು ಬೇಡಿಕೆ ಇಟ್ಟದ್ದು ಒಂದೇ: ಊರಿಗೊಂದು ಕೋಲ್ಡ್ ಸ್ಟೋರೇಜ್. ಯಾವ ಸರ್ಕಾರ ಬಂದರೂ ಹೋಗಿ ಕೇಳುತ್ತಿದ್ದರು. ಆದರೆ ಹಾರ, ಹಣ್ಣಿನ ಬುಟ್ಟಿ ಹಿಡಿದು ಮಂತ್ರಿಯ ಮನೆ ಬಾಗಿಲಿಗೆ ಹೋದವರಲ್ಲ.

"ನಾವು ಅವ್ರಿಗೆ ನೆಂಟ್ರೂ ಅಲ್ಲ, ಆಳೂ ಅಲ್ಲ. ಮನೇಗೋಗಿ ಏನಂತ ಕೂರೋದ್ಲಾ? ಆಫೀಸಿಗೇ ನಡಿ," ಅನ್ನುತ್ತಿದ್ದರು.

ಹಿಂದಿನ ಸರ್ಕಾರ ಕೊನೆಗೂ ಜಾಗ ಗುರುತಿಸಿ ಮಂಜೂರು ಮಾಡಿತು. ಅಷ್ಟರಲ್ಲಿ ಚುನಾವಣೆ ಬಂತು, ಸರ್ಕಾರ ಬದಲಾಯಿತು, ಕೆಲಸ ನಿಂತಿತು. ಯಜಮಾನರು ನನ್ನನ್ನು ಕರೆದುಕೊಂಡು ಹೊಸ ಮಂತ್ರಿಯ ಕಚೇರಿಗೆ ಹೋದರು.

"ಅದು ಅವ್ರ ಕಾಲದ್ದಲ್ವಾ ಯಜಮಾನ್ರೇ, ನೋಡೋಣ," ಎಂದರು ಮಂತ್ರಿ.

ಯಜಮಾನರು ಚೀಲದಿಂದ ಎರಡು ಉಂಡೆ ಹುಣಸೆಹಣ್ಣು ತೆಗೆದು ಮೇಜಿನ ಮೇಲಿಟ್ಟರು. ಒಂದು ಕೆಂಪು, ಇನ್ನೊಂದು ಮಳೆಗಾಲ ಕಂಡ ಕಪ್ಪು. "ಸ್ವಾಮಿ, ಇದ್ರಲ್ಲಿ ಯಾವ್ದು ಅವ್ರ ಕಾಲದ್ದು, ಯಾವ್ದು ನಿಮ್ದು, ನೀವೇ ಹೇಳ್ಬುಡಿ."

ಮಂತ್ರಿ ಕೆಂಪು ಹಣ್ಣನ್ನು ಚೂರು ಮುರಿದು ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. "ಸಾರಿಗೆ ಬೊಂಬಾಟಾಗಿದೆ. ಮನೆಗೊಂದು ಮೂಟೆ ಕಳ್ಸಿ."

ಸುತ್ತ ನಿಂತವರೆಲ್ಲ ನಕ್ಕರು. ನನ್ನ ಮೈ ಉರಿದುಹೋಯಿತು. ಮೆಟ್ಟಿಲಿಳಿಯುವಾಗ ಯಜಮಾನರ ಬಾಯಿಂದ, ಸಿಟ್ಟು ಬಂದರೆ ಮಾತ್ರ ಹೊರಡುವ ಅವರ ಹುಟ್ಟೂರು ಪಾವಗಡದ ತೆಲುಗು ಬಂತು. "ಏಮಿರಾ ಇದಿ, ಏನ್ಲಾ ಇದು! ನಾವು ಹಣ್ಣು ಉಳಿಸ್ರಪ್ಪ ಅಂದ್ರೆ ಇವ್ನು ಸಾರು ಕುಡೀತೀನಿ ಅಂತಾನೆ."

ಮೂಟೆ ಹೋಯಿತು. ಕಳಿಸಿದವರು ನಮ್ಮ ಸಂಘದವರೇ! ಅಷ್ಟಕ್ಕೇ ನಿಲ್ಲಲಿಲ್ಲ. ಸರ್ಕಾರ ಬದಲಾದಾಗಲೆಲ್ಲ ಗೆದ್ದವರ ಕಡೆಯವನನ್ನು ಹುಡುಕಿ ಅಧ್ಯಕ್ಷ ಮಾಡುವ ಹಲ್ಕಾ ಪದ್ಧತಿ ಬೇರೆ ಸಂಘಗಳಲ್ಲಿತ್ತು. ಅದು ನಮ್ಮಲ್ಲಿಗೂ ಬಂತು.

"ನೀವು ಹಿಂದಿನೋರ ಜೊತೆ ಓಡಾಡಿದೋರು ಯಜಮಾನ್ರೇ. ಒಂದಷ್ಟು ದಿನ ಹಿಂದೆ ಕೂತ್ಕಳಿ," ಎಂದು ಸಭೆಯಲ್ಲೇ ಹೇಳಿಬಿಟ್ಟರು. ಮಂತ್ರಿಯ ನೆಂಟನೊಬ್ಬನನ್ನು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದರು. ಅವನದು ಸಿಮೆಂಟ್ ಅಂಗಡಿ.

ನಾನು ಎದ್ದು ಕೂಗಾಡಿದೆ. "ಹುಣಸೆಹಣ್ಣು ಮುಟ್ಟದೋನು ಅಲ್ಲೋಗಿ ಏನ್ರಲಾ ಕೇಳ್ತಾನೆ?"

"ಸುಮ್ಕೆ ಕೂತ್ಕಳಪ್ಪ. ಬಾಗ್ಲು ತೆಗೆಸಾಕೆ ಅವ್ನೇ ಸರಿ," ಎಂದರು ಸಂಘದವರು.

ಬಾಗಿಲು ತೆಗೆಯಿತು. ಅವನು ಹೋಗಿ ಹಾರ ಹಾಕಿದ, ಪೇಟ ತೊಡಿಸಿದ. ಏನು ಬೇಕು ಎಂದು ಮಂತ್ರಿ ಕೇಳಿದಾಗ, ಹಿಂದಿನವರ ಕೋಲ್ಡ್ ಸ್ಟೋರೇಜ್ ಹೆಸರೆತ್ತಿದರೆ ಬೇಜಾರು ಮಾಡಿಕೊಂಡಾರು ಎಂದು, ಮಂಡಿ ಬೀದಿಗೆ ಒಂದು ಸ್ವಾಗತ ಕಮಾನು ಕೇಳಿದ! ಅದು ಕೂಡಲೇ ಮಂಜೂರಾಯಿತು. ಸಿಮೆಂಟ್ ಯಾರ ಅಂಗಡಿಯಿಂದ ಬಂತೆಂದು ನಾನು ಹೇಳಬೇಕಿಲ್ಲ.

ಕಮಾನು ಎದ್ದು ನಿಂತ ದಿನ ಯಜಮಾನರು ಬೈಯಲಿಲ್ಲ. ಕತ್ತೆತ್ತಿ ನೋಡಿ, "ಮಳೆ ಬಂದ್ರೆ ನಾಕು ಚೀಲ ಇಟ್ಕಳಾಕೂ ಆಗಾಕಿಲ್ವಲ್ಲೋ," ಅಂದರು. ಆ ಮಳೆಗಾಲ ಅವರ ದಾಸ್ತಾನು ಪೂರಾ ಕಪ್ಪಾಯಿತು. ಮುಂದಿನ ಹಣ್ಣು ಬರುವ ಮೊದಲೇ ಅವರು ತೀರಿಕೊಂಡರು.

ಮಾರನೇ ದಿನ ಅದೇ ಕಮಾನಿಗೆ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಮಂತ್ರಿಯ ಮುಖ ದೊಡ್ಡದು, ಯಜಮಾನರದು ಮೂಲೆಯಲ್ಲಿ. ನಾನೇ ಏಣಿ ಹಾಕಿ ಹತ್ತಿ ಕಿತ್ತೆಸೆದೆ. ಸಂಘದ ಒಬ್ಬನಿಗೂ ನನ್ನನ್ನು ತಡೆಯುವ ಧೈರ್ಯ ಬರಲಿಲ್ಲ.

ತಿಥಿ ಮುಗಿದ ಮೇಲೆ ಕೋಲ್ಡ್ ಸ್ಟೋರೇಜಿಗೆ ನಾನೇ ಅರ್ಜಿ ಬರೆದೆ. ಅಕ್ಷರ ಸೊಟ್ಟಗಿದ್ದರೂ ನನ್ನವೇ. ಕಚೇರಿಯಲ್ಲಿ ಗುಮಾಸ್ತ ತಲೆಯೆತ್ತದೆ ಕೇಳಿದ, "ಯಾವ ಕಡೆಯೋರು?"

"ಹುಣಸೆಹಣ್ಣಿನ ಕಡೆಯೋರು," ಅಂದೆ.

ಆತ ನಕ್ಕ. ನಗಲಿ ಅಂತ ಹೇಳಿದ ಮಾತಲ್ಲ ಅದು. ಅರ್ಜಿಗೆ ಸೀಲು ಬೀಳುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.