ಅರ್ಧ ಬಣ್ಣದ ಮುಖ

ಅವರ ಎಡಗೈಯ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ. ಉಳಿದ ಮೈಯೆಲ್ಲ ಬಿಸಿಲಿಗೆ ಕಂದಿ ಕಪ್ಪಾಗಿದ್ದರೂ ಮಣಿಕಟ್ಟಿನಿಂದ ಬೆರಳಿನ ಗೆಣ್ಣುಗಳವರೆಗಿನ ಆ ಜಾಗ ಮಾತ್ರ ತೊಳೆದಿಟ್ಟ ಬಶಿಯ ಹಾಗೆ ನುಣ್ಣಗೆ ಬೆಳ್ಳಗಿತ್ತು. ನಾಟಕದವರ ಮುಖಕ್ಕೆ ಹಚ್ಚುವ ಬಣ್ಣವನ್ನು ನಲವತ್ತು ವರ್ಷ ಅವರು ಕಲಸಿದ್ದು ಅಲ್ಲೇ. ಸಫೇತದ ಬಿಳಿ ಪುಡಿ, ಚಿಟಿಕೆ ಕೆಂಪು ಇಂಗಳೀಕ, ಎರಡು ಹನಿ ಕೊಬ್ಬರಿ ಎಣ್ಣೆ. ಬಲಗೈ ಉಂಗುರಬೆರಳಿನಿಂದ ತಿಕ್ಕಿ ಹದ ನೋಡಿ, ಎದುರು ಕೂತವನ ಗಲ್ಲಕ್ಕೆ ಒಂದು ಚುಕ್ಕೆ ಇಟ್ಟು, ಹೌದೋ ಅಲ್ಲವೋ ಎಂದು ಕತ್ತು ಓರೆ ಮಾಡಿ ನೋಡುವರು. ತಟ್ಟೆ ಇಟ್ಟುಕೊಳ್ಳಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, ತಟ್ಟೆಗೆ ಮೈಬಿಸಿ ಇರುವುದಿಲ್ಲ ಎಂದಿದ್ದರು.

ಬೆಟಗೇರಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಅವರು ಬಣ್ಣದ ಚಾಚಾ. ನಮ್ಮ ಮನೆಗೂ ಅವರ ಮನೆಗೂ ನಡುವೆ ನೇಕಾರರದೊಂದೇ ಮನೆ. ಹರೆಯದಲ್ಲಿ ನಾಟಕ ಕಂಪನಿಯ ಜೊತೆ ಊರೂರು ತಿರುಗಿದವರು, ಕಂಪನಿ ಮುಚ್ಚಿದ ಮೇಲೆ ತಗಡಿನ ಟ್ರಂಕೊಂದನ್ನು ಹೊತ್ತು ಬಂದು ಇಲ್ಲಿ ನೆಲೆಸಿದರು. ನೆಲೆಸಿದರು ಎನ್ನುವುದು ನಮ್ಮ ಮಾತು. ಅವರ ಹೆಂಡತಿ, ನಮ್ಮೆಲ್ಲರ ಚಾಚಿ, ಅದನ್ನು ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಚಹಾ ಕುಡಿದವರೇ ಚಾಚಾ ಬಸ್ ಸ್ಟ್ಯಾಂಡಿಗೆ ಹೋಗಿ, ಮುಂಡರಗಿಯದೋ ಲಕ್ಷ್ಮೇಶ್ವರದ್ದೋ, ಯಾವುದು ಮೊದಲು ಬಂತೋ ಆ ಬಸ್ಸು ಹತ್ತಿಬಿಡುವರು. ಅಲ್ಲಿಯ ಚಹಾದಂಗಡಿಗಳಲ್ಲಿ, ಹುಡುಗರು ಯಾವುದಾದರೂ ನಾಟಕ ಎತ್ತಿದ್ದಾರೇನು, ಶಾಲೆಯಲ್ಲಿ ವಾರ್ಷಿಕ ಗ್ಯಾದರಿಂಗ್ ಇದೆಯೇನು ಎಂದು ವಿಚಾರಿಸುವರು. ಹತ್ತರಲ್ಲಿ ಒಂಬತ್ತು ದಿನ ಏನೂ ಇರುತ್ತಿರಲಿಲ್ಲ. ಸಂಜೆ ಧೂಳು ಮೆತ್ತಿಕೊಂಡು ಬಂದವರ ಮುಂದೆ ಚಾಚಿ ರೊಟ್ಟಿಯ ಜೊತೆ ನಾಲ್ಕು ಬೈಗುಳವನ್ನೂ ಬಡಿಸುತ್ತಿದ್ದರು. ಸಿಟ್ಟಿಗೆ, ಗಂಡ ಬಣ್ಣ ಹಚ್ಚಿದ ಒಂದು ನಾಟಕವನ್ನೂ ಅವರು ನೋಡಲು ಹೋದವರಲ್ಲ.

ಚಾಚಾನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ನನ್ನ ತಲೆ ನಿಲ್ಲುವುದಿಲ್ಲ. ಗದಗಿನಲ್ಲಿ ಚಿತ್ರಕಲೆ ಕಲಿತು ಈಗ ಮನೆಯಲ್ಲೇ ಕೂತು ಟ್ಯಾಬ್ಲೆಟ್ಟಿನ ಮೇಲೆ ಡಿಜಿಟಲ್ ಪೆನ್ನಿನಿಂದ ಚಿತ್ರ ಬರೆಯುತ್ತೇನೆ. ಎಲ್ಲಿಂದಲೋ ಯಾರೋ ತಮ್ಮ ಫೋಟೋ ಕಳಿಸುತ್ತಾರೆ. ಅವರನ್ನು ಕಾಡಿನ ರಾಣಿಯನ್ನಾಗಿಯೋ ರೆಕ್ಕೆಯುಳ್ಳ ಯೋಧನನ್ನಾಗಿಯೋ ಮಾಡಿ ಕೊಡಬೇಕು. ಮೊದಲು ಗೆರೆಯ ಸ್ಕೆಚ್, ಅದರ ಮೇಲೆ ಬೂದು ಬಣ್ಣದಲ್ಲಿ ನೆರಳು ಬೆಳಕು, ಆಮೇಲೆ ತೆಳ್ಳಗೆ ಬಣ್ಣ, ಕೊನೆಗೆ ಕೂದಲು, ಒಡವೆ, ಕಣ್ಣಿನ ಹೊಳಪು. ಒಂದೊಂದೂ ಬೇರೆ ಬೇರೆ ಪದರು. ಬೇಡವಾದ ಪದರನ್ನು ತೆಗೆದೆಸೆಯಬಹುದು, ತಪ್ಪಿದರೆ ನೂರು ಹೆಜ್ಜೆ ಹಿಂದಕ್ಕೆ ಹೋಗಬಹುದು. ನನ್ನಂಥವಳ ಕೈಗೆ ಕೊಡಬಾರದ ಸವಲತ್ತು ಅದು. ಸ್ಕೆಚ್ಚು ಅರ್ಧ ದಿನಕ್ಕೆ ಆಗುತ್ತದೆ; ಆಮೇಲೆ ಮೂಗು ಸರಿ ಮಾಡುತ್ತ, ಎದ್ದು ನೀರು ಕುಡಿಯುತ್ತ, ಮಾಳಿಗೆ ಹತ್ತಿ ಇಳಿಯುತ್ತ, ಸರಿ ಮಾಡಿದ್ದನ್ನು ಮತ್ತೆ ಅಳಿಸುತ್ತ ವಾರಗಟ್ಟಲೆ ಒದ್ದಾಡುತ್ತೇನೆ. ಮುಗಿಯಿತು ಎಂದು ಕೈ ತೊಳೆದುಕೊಂಡ ಚಿತ್ರ ಒಂದೂ ಇಲ್ಲ. ಗಿರಾಕಿಗಳು ಬೇಸತ್ತು, ಇದ್ದದ್ದನ್ನೇ ಕಳಿಸಿ ಎಂದು ಕಸಿದುಕೊಂಡವೇ ಎಲ್ಲ.

ಒಮ್ಮೆ ಹಾಗೆ ಕಸಿದುಕೊಂಡ ಒಬ್ಬಳು, ಮುಖ ಗೊಂಬೆಯಂತಿದೆ ಎಂದು ವಾಪಸು ಕಳಿಸಿದಳು. ಉರಿದುಕೊಂಡು ಟ್ಯಾಬ್ಲೆಟ್ಟನ್ನು ಚಾಚಾನ ಕಟ್ಟೆಗೆ ಒಯ್ದೆ. ಅವರು ಅದನ್ನು ಮಾರುದ್ದ ದೂರ ಹಿಡಿದು ಬಹಳ ಹೊತ್ತು ನೋಡಿದರು.

"ಇಕಿ ಯಾರ ಮನ್ಯಾಕಿ ಯವ್ವಾ?"

"ಯಾರ ಮನ್ಯಾಕೀನೂ ಅಲ್ರಿ ಚಾಚಾ. ಮಂಜಿನ ನಾಡಿನ ರಾಣಿ."

"ರಾಣಿ ಆದ್ರೂ ಉಣ್ಣಾಕ ಒಂದು ಮನಿ ಬೇಕಲ್ಲ. ಇಕಿ ಏನೂ ಉಂಡಾಕಿ ಹಂಗ ಕಾಣೂದಿಲ್ಲ."

ಎರಡು ದಿನ ಅವರ ಮೇಲೆ ಸಿಟ್ಟಾಗಿದ್ದೆ. ಮೂರನೆಯ ದಿನ ಅವರ ಟ್ರಂಕಿನ ಒಂದು ಕಡೆ ಹಿಡಿದುಕೊಂಡು ಹೊಂಬಳಕ್ಕೆ ಹೊರಟಿದ್ದೆ. ಅಲ್ಲಿಯ ಹುಡುಗರು ನಾಟಕ ಎತ್ತಿದ್ದರು. ಶಾಲೆಯ ಒಂದು ಕೋಣೆಯಲ್ಲಿ ಇನ್ನೂ ಬಿಸಿಲಿರುವಾಗಲೇ ಬಣ್ಣದ ಕೆಲಸ ಶುರುವಾಯಿತು. ಚಾಚಾ ಮೊದಲು ಮುಖ ತೊಳೆಸುವರು. ಆಮೇಲೆ ಎದುರಿಗೆ ಕೂರಿಸಿ, ನಾಟಕದಲ್ಲಿ ನಿನಗೆ ಬಹಳ ಸಿಟ್ಟು ಬರುವ ಮಾತು ಯಾವುದೋ ಅದನ್ನು ಹೇಳು ಎನ್ನುವರು. ಹುಡುಗ ಒದರುವಾಗ ಹಣೆ ಎಲ್ಲಿ ಮಡಿಚಿತು, ಗಲ್ಲ ಎಲ್ಲಿ ಸೆಳೆಯಿತು ಎಂದು ನೋಡಿಕೊಂಡು ಸರಿಯಾಗಿ ಅಲ್ಲಲ್ಲೇ ಗೆರೆ ಎಳೆಯುವರು. "ಗೆರಿ ನಾವು ಬರಿಯೂದಲ್ಲ. ಅವು ಅಲ್ಲೇ ಮಲಗಿರ್ತಾವು, ಎಬ್ಬಸಬೇಕು ಅಷ್ಟ," ಎಂದು ನನಗೆ ಹೇಳಿದರು. ನಾನು ಚೀಲದಿಂದ ಟ್ಯಾಬ್ಲೆಟ್ಟು, ಪೆನ್ನು ತೆಗೆದು ಅಲ್ಲೇ ನಾಲ್ಕು ಮುಖ ಬರೆದುಕೊಂಡೆ. ಆ ನಾಲ್ಕೂ ಉಂಡ ಮುಖಗಳೇ.

ಅವರದೊಂದು ಕಟ್ಟುನಿಟ್ಟಿತ್ತು. ಬಣ್ಣ ಪೂರ್ತಿಯಾಗುವ ತನಕ ಯಾರಿಗೂ ಕನ್ನಡಿ ಕೊಡುತ್ತಿರಲಿಲ್ಲ. ಅದು ಟ್ರಂಕಿನ ತಳದಲ್ಲಿ ಬೋರಲಾಗಿ ಬಿದ್ದಿರುತ್ತಿತ್ತು. ಆ ದಿನ ರಾಕ್ಷಸನ ಪಾತ್ರದವನು, ಚಾಚಾ ಎಣ್ಣೆ ತರಲು ಆಚೆ ಹೋದಾಗ, ಫೋನಿನಲ್ಲಿ ತನ್ನ ಮುಖ ನೋಡಿಕೊಂಡುಬಿಟ್ಟ. ಒಂದು ಕಡೆ ರಾಕ್ಷಸನ ಹುಬ್ಬು, ಇನ್ನೊಂದು ಕಡೆ ಅವನದೇ ಬಡಕಲು ಗಲ್ಲ. ಮೊದಲು ನಕ್ಕ, ಆಮೇಲೆ ಮಂಕಾದ. ಮುಂದೆ ಎಷ್ಟು ಚಂದ ಬಣ್ಣವಾದರೂ ರಂಗದ ಮೇಲೆ ಅವನ ದನಿ ಏಳಲೇ ಇಲ್ಲ. ಜನ ಕೂಗಿ ಕೂರಿಸಿದರು. ಮರಳಿ ಬರುವಾಗ ಚಾಚಾ ಇಡೀ ದಾರಿ ಚಡಪಡಿಸುತ್ತಿದ್ದರು. ಅರ್ಧ ಬಣ್ಣ ನೋಡಿಕೊಂಡವನಿಗೆ ತಾನೂ ಸಿಗುವುದಿಲ್ಲ, ಪಾತ್ರವೂ ಸಿಗುವುದಿಲ್ಲ, ತಾನು ಆಚೆ ಹೋಗಬಾರದಿತ್ತು ಎಂದು ಅದನ್ನೇ ಹೇಳಿಕೊಂಡರು.

ಇದಾಗಿ ಎರಡು ವರ್ಷಕ್ಕೆ ಅವರ ಕಣ್ಣು ಮಂಜಾಗತೊಡಗಿತು. ಸಕ್ಕರೆ ಕಾಯಿಲೆ ಕಣ್ಣಿನ ಒಳಗಿನ ಪರದೆಯನ್ನೇ ತಿಂದಿದೆ, ಇನ್ನು ಕೆಲವು ತಿಂಗಳು ಕಂಡಷ್ಟು ಕಂಡೀತು ಎಂದು ಡಾಕ್ಟರು ಹೇಳಿದ್ದನ್ನು ಚಾಚಿ ನಮ್ಮ ಅವ್ವನ ಮುಂದೆ ಅತ್ತುಕೊಂಡು ಹೇಳಿದರು. ಚಾಚಾ ಅಳಲಿಲ್ಲ. ಸೀದಾ ನನ್ನ ಹತ್ತಿರ ಬಂದರು.

"ಸಾವಿರ ಮಂದಿ ಮಾರಿಗೆ ಬಣ್ಣಾ ಹಚ್ಚೀನಿ ಯವ್ವಾ. ನನ್ನ ಮಾರಿಗೆ ಯಾರೂ ಹಚ್ಚಲಿಲ್ಲ. ನೀ ಹಚ್ಚು. ರಾಜಾ ಬ್ಯಾಡ, ರಾಕ್ಷಸ ಬ್ಯಾಡ, ಅವನ್ನೆಲ್ಲಾ ಬ್ಯಾರೆಯವರಿಗೆ ಕೊಟ್ಟಾಗೇತಿ. ಯಾರಿಗೂ ಕೊಡಲಾರದ್ದೊಂದು ನನಗ ಕೊಡು. ಕಣ್ಣ ಇರೂದ್ರಾಗ ನೋಡ್ತೀನಿ."

ಇಷ್ಟು ವರ್ಷ ನೀವೇ ಯಾಕೆ ಹಚ್ಚಿಕೊಳ್ಳಲಿಲ್ಲ ಎಂದು ಕೇಳಿದೆ. ತಾನೇ ಕರೆದುಕೊಂಡು ತಾನೇ ಬೀಗರ ಊಟ ಉಂಡ ಹಾಗಾಗುತ್ತದೆ ಎಂದು ನಕ್ಕರು.

ನಮ್ಮ ಮಾಳಿಗೆಯ ಮೇಲೆ ಕೂರಿಸಿದೆ. ಐದು ನಿಮಿಷ ಕೂತರೆ ಹೆಚ್ಚು. ಎದ್ದು ಅಂಚಿಗೆ ಹೋಗುವರು, ಮುಂಡರಗಿ ದಿಕ್ಕಿಗೆ ಮುಖ ಮಾಡಿ ನಿಲ್ಲುವರು, ಗಾಳಿಗೆ ಅವರ ಗಡ್ಡ ಒಂದು ಕಡೆ ಹಾರುವುದು. ಅವರು ನಿಂತಲ್ಲೇ ನನಗೆ ಪಾತ್ರ ಸಿಕ್ಕಿತು. ಗಾಳಿಯ ಒಡೆಯ. ಕಪ್ಪತಗುಡ್ಡದ ಕಲ್ಲಿನಂಥ ಹೆಗಲು, ಕಿರೀಟದ ಬದಲು ಒಣಹುಲ್ಲಿನ ಸುಳಿ, ತುದಿಯಲ್ಲಿ ಕೆಂಪು ಧೂಳಾಗಿ ಹಾರಿಹೋಗುವ ಗಡ್ಡ. ಒಂದೇ ಏಟಿಗೆ ಸ್ಕೆಚ್ ಮುಗಿಯಿತು, ಮತ್ತು ಅದು ಚೆನ್ನಾಗಿತ್ತು. ನನ್ನ ಕೆಲಸವನ್ನು ನಾನು ಹೊಗಳಿಕೊಳ್ಳುವವಳಲ್ಲ, ಆದರೆ ಅದು ಚೆನ್ನಾಗಿತ್ತು. ತೋರಿಸಲು ಹೋದರೆ ಅವರು ಮುಖ ಆಚೆ ತಿರುಗಿಸಿದರು.

"ಮುಗೀತೇನು?"

"ಇಲ್ರಿ, ಬರೇ ಸ್ಕೆಚ್ಚರಿ."

"ಹಂಗಾದ್ರ ನನಗ ತೋರಸಬ್ಯಾಡ."

ಬೂದು ಬಣ್ಣದ ನೆರಳು ಬೆಳಕಿಗೇ ಮೂರು ವಾರ ಹಿಡಿಯಿತು. ಬಣ್ಣ ಹಾಕುವಾಗ, ಕೊಡುಗೆ ಎಂದಮೇಲೆ ಚಂದ ಇರಲಿ ಎಂದು ಸುಕ್ಕುಗಳನ್ನೆಲ್ಲ ನಯ ಮಾಡಿದೆ. ಅವರಿಗೆ ಮೂವತ್ತು ವರ್ಷ ಕಡಿಮೆಯಾಗಿ, ಯಾರದೋ ಮನೆಯ ಅಳಿಯನಂತೆ ಕಂಡರು. ಆ ಪದರನ್ನು ಕಿತ್ತೆ. ಎರಡನೆಯ ಸಲ ಸುಕ್ಕು ಬಂತು, ಕಣ್ಣು ಸತ್ತಿತು. ಮೂರನೆಯ ಸಲ ಮುಖವೆಲ್ಲ ಕೂಡಿಬಂತು. ಆಗ ಎಡ ಹೆಗಲಿನ ಮೇಲೆ ಬೆಳಕು ಸರಿಯಿಲ್ಲ ಅನಿಸತೊಡಗಿತು. ಬೇರೆ ಯಾರಿಗೂ ಕಾಣದ ಬೆಳಕು ಅದು. ದಿನಾ ಸಂಜೆ ಓಣಿಯಲ್ಲಿ ಕೋಲಿನ ಸದ್ದಾಗುವುದು, ನಮ್ಮ ಬಾಗಿಲ ಮುಂದೆ ನಿಲ್ಲುವುದು. "ಆತೇನ್ ಯವ್ವಾ?" "ಇನ್ನೊಂದೀಟ ಐತ್ರಿ ಚಾಚಾ." ಆತು ಎಂದು ಕೋಲು ಮುಂದೆ ಹೋಗುವುದು. ನಾನು ಒಳಗೆ ಕೂತು ಹೆಗಲನ್ನು ಅಳಿಸುತ್ತಿದ್ದೆ.

ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ದೂರದಿಂದ ನೋಡಿದೆ. ಶಿರಹಟ್ಟಿ ಎಂದು ದೊಡ್ಡದಾಗಿ ಬರೆದ ಬಸ್ಸಿನ ಎದುರೇ ನಿಂತು, ಇದು ಮುಂಡರಗಿಗೆ ಹೋಗುತ್ತದೇನು ಎಂದು ಯಾರನ್ನೋ ಕೇಳುತ್ತಿದ್ದರು. ಓಡಿ ಮನೆಗೆ ಬಂದೆ. ಬಂದು ಮಾಡಿದ್ದೇನು? ಇವತ್ತು ಮುಗಿಸಿಯೇ ತೀರುವೆ ಎಂದು ಕೂತು, ಅದೇ ಹೆಗಲನ್ನು ಮತ್ತೆ ನಾಲ್ಕು ದಿನ ತಿದ್ದಿದೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಐದನೆಯ ದಿನ ಹೆಗಲು ಹಾಗೇ ಇರಲಿ ಎಂದು ಟ್ಯಾಬ್ಲೆಟ್ಟಿನ ಬೆಳಕನ್ನು ಪೂರ್ತಿ ಏರಿಸಿ ಅವರ ಮನೆಗೆ ಹೋದೆ. ತಂದೀನ್ರಿ ಎಂದೆ. ಅವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಟೊಪ್ಪಿಗೆ ಸರಿ ಮಾಡಿಕೊಂಡು, ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಮೂಗಿನ ಹತ್ತಿರ ತಂದರು. ದೂರ ಹಿಡಿದರು. ಓರೆ ಮಾಡಿದರು. ಕೊನೆಗೆ, ಬೆಳಕು ಬಹಳ ಚಂದ ಬಂದಿದೆ ಎಂದರು. ಅವರಿಗೆ ಕಂಡದ್ದು ಅಷ್ಟೇ ಎಂದು ನನಗೂ ಗೊತ್ತಾಯಿತು, ಬಾಗಿಲಲ್ಲಿ ನಿಂತ ಚಾಚಿಗೂ ಗೊತ್ತಾಯಿತು.

"ನೀ ನೋಡಿ ಹೇಳು," ಎಂದು ಅವರು ಅದನ್ನು ಚಾಚಿಯ ಕಡೆ ಹಿಡಿದರು.

ಚಾಚಿ ಸೆರಗಿಗೆ ಕೈ ಒರೆಸಿಕೊಂಡು ಕೂತು ನೋಡಿದರು. ಹಾರುವ ಗಡ್ಡ ನೋಡಿದರು, ಹುಲ್ಲಿನ ಸುಳಿ ನೋಡಿದರು, ಬಹಳ ಹೊತ್ತು ಕಣ್ಣು ನೋಡಿದರು. ಆಮೇಲೆ, ನನಗೂ ತಿಳಿಯಲೆಂದೇನೋ, ಗಂಡನಿಗೆ ಮನೆಯ ಉರ್ದು ಬಿಟ್ಟು ಕನ್ನಡದಲ್ಲೇ ಹೇಳಿದರು.

"ಇಂವಾ ಮನ್ಯಾಗ ನಿಲ್ಲೂ ಗಂಡಸು ಅಲ್ಲ."

ಚಾಚಾ ಕೆಮ್ಮು ಬರುವ ತನಕ ನಕ್ಕರು. ಹಾಗಾದರೆ ಬರೋಬ್ಬರಿ ಬಂದಿದೆ ಎಂದರು. ತಡ ಮಾಡಿದೆ ಎಂದು ನನಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮುಂದಿನ ಚಳಿಗಾಲದಲ್ಲಿ ಎರಡು ದಿನ ಜ್ವರ ಬಂದು ಅವರು ತೀರಿಕೊಂಡರು. ಹೊಂಬಳದಿಂದ, ಲಕ್ಕುಂಡಿಯಿಂದ, ಎಲ್ಲೆಲ್ಲಿಂದಲೋ ಗಂಡಸರು ಬಂದು ಓಣಿ ತುಂಬಿದ್ದರು. ಅವರಲ್ಲಿ ಯಾರು ರಾಜರಾಗಿದ್ದರು, ಯಾರು ರಾಕ್ಷಸರಾಗಿದ್ದರು ಎಂದು ನನಗೆ ಗುರುತು ಹತ್ತಲಿಲ್ಲ.

ಈಗ ಯಾರಾದರೂ ಫೋಟೋ ಕಳಿಸಿದರೆ, ಸಿಟ್ಟಿನ ಒಂದು ಮಾತು ಆಡಿ ವಿಡಿಯೋ ಕಳಿಸಿ ಎನ್ನುತ್ತೇನೆ. ಕೆಲವರು ನಗುತ್ತಾರೆ, ಕಳಿಸುತ್ತಾರೆ. ನನ್ನ ಹೊಟ್ಟೆಪಾಡು ನಡೆದಿರುವುದು ಆ ಗೆರೆಗಳಿಂದಲೇ. ಗಾಳಿಯ ಒಡೆಯನ ಚಿತ್ರವನ್ನೂ ನಾನು ಬಿಟ್ಟಿರಲಿಲ್ಲ; ಅವರು ಹೋದ ಮೇಲೂ ವಾರಕ್ಕೊಮ್ಮೆ ತೆರೆದು ಆ ಹೆಗಲಿಗೆ ಕೈ ಹಾಕುತ್ತಿದ್ದೆ.

ಮೊನ್ನೆ ಚಾಚಿ ಅದನ್ನು ಕಾಗದದ ಮೇಲೆ ತೆಗೆಸಿಕೊಡು ಎಂದರು. ಗದಗಿನಲ್ಲಿ ಪ್ರಿಂಟ್ ಹಾಕಿಸಿ ಒಯ್ದೆ. ನಮಾಜು ಮಾಡುವ ಮನೆ, ಮನುಷ್ಯರ ಚಿತ್ರ ಗೋಡೆಗೆ ಹಾಕುವುದಿಲ್ಲ, ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದರು. ಹಳೆಯ ಸೀರೆ ಹಾಸಿ, ಇಡುವ ಮೊದಲು ಒಮ್ಮೆ ನನ್ನ ಕಡೆ ನೋಡಿದರು.

"ಇದಕ್ಕ ಇನ್ನೇನರ ಮಾಡೂದು ಉಳದೈತೇನ ಯವ್ವಾ?"

"ಇಲ್ರಿ ಚಾಚಿ. ಮುಗದೈತ್ರಿ."

ಆ ಹೆಗಲು ಇನ್ನೂ ಸರಿಯಾಗಿರಲಿಲ್ಲ. ಹೇಳಲು ಒಂದು ಉಸಿರೂ ಬೇಕಾಗದ ಆ ಸುಳ್ಳನ್ನು, ಚಾಚಾನಿಗೆ ಕಣ್ಣಿದ್ದಾಗ, ದಿನಾ ಸಂಜೆ ಅವರೇ ಬಾಗಿಲಿಗೆ ಬಂದು ಕೇಳುತ್ತಿದ್ದಾಗ, ನಾನು ಹೇಳಲಿಲ್ಲ.